ಪಂಪು ಕೊನೆಗೆ ನಿಲ್ಲಬೇಕು

ಕೋಲಾರದ ಟೀ ಅಂಗಡಿಗಳಲ್ಲಿ ಅಫ್ಗಾನಿಸ್ತಾನದ ಮಾತು ಬಂದರೆ ಎರಡೇ ಪಕ್ಷ. ಅಮೆರಿಕ ಹೋಗಲೇಬಾರದಿತ್ತು, ಬಿಟ್ಟು ಬಂದದ್ದೇ ಸರಿ ಅನ್ನೋರು ಒಂದು ಕಡೆ. ಇಪ್ಪತ್ತು ವರ್ಷ ಕೂತು ಕೊನೆಗೆ ಓಡಿ ಬಂದರಲ್ಲ ಅಂತ ನಗೋರು ಇನ್ನೊಂದು ಕಡೆ. ಪರದೇಶದ ಮೇಲೆ ದಂಡೆತ್ತಿ ಹೋಗೋದನ್ನು ನಾನೂ ಒಪ್ಪೋನಲ್ಲ. ಇರಾಕ್‌ನಲ್ಲಂತೂ ಅಮೆರಿಕ ಇದೆ ಅಂದ ಸಾಮೂಹಿಕ ನಾಶದ ಶಸ್ತ್ರಗಳೇ ಸಿಗಲಿಲ್ಲ. ಹಾಗಂತ ಹೋದವರು ನಾಳೆಯೇ ಗಂಟುಮೂಟೆ ಕಟ್ಟಲಿ ಅಂದುಬಿಟ್ಟರೆ ಅಲ್ಲಿನವರನ್ನು ಬಾವಿಗೆ ಇಳಿಸಿ ಹಗ್ಗ ಕೊಯ್ದಂತೆ.

ನಮ್ಮ ಜಿಲ್ಲೆಯವರಿಗೆ ಇದು ಕೆ.ಜಿ.ಎಫ್. ನೋಡಿದರೆ ಬೇಗ ಹತ್ತುತ್ತೆ. ಮೂರು ಕಿಲೋಮೀಟರಿಗಿಂತ ಆಳದ ಚಿನ್ನದ ಗಣಿ, 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಒಳಗಿನ ನೀರೆತ್ತುವ ಪಂಪು ನಿಂತ ಮೇಲೆ ಸುರಂಗಗಳಿಗೆ ನೀರು ನುಗ್ಗಿತು. ಚಿನ್ನ ತೆಗೆದು ಸುರಿದ ಮಣ್ಣಿನ ಸಯನೈಡ್ ಗುಡ್ಡಗಳು ಅಲ್ಲೇ ಉಳಿದವು, ಗಾಳಿ ಎದ್ದರೆ ಧೂಳು ಮನೆಯೊಳಕ್ಕೆ. ಮುಚ್ಚಿದ್ದು ಸರಿಯೋ ತಪ್ಪೋ ಬೇರೆ ಮಾತು. ಪಂಪು ಯಾವಾಗ ನಿಲ್ಲುತ್ತೆ ಅನ್ನೋದು ಅದಕ್ಕಿಂತ ಬೇರೆಯದೇ ಲೆಕ್ಕ.

ಯುದ್ಧಕ್ಕೂ ಒಂದು ಪಂಪು ಇರುತ್ತೆ. ಅಫ್ಗಾನ್ ಸೇನೆಗೆ ಅದು ಹೆಲಿಕಾಪ್ಟರ್. ಗುಡ್ಡಗಾಡಿನ ಠಾಣೆಗಳಿಗೆ ಗುಂಡು, ಊಟ, ಗಾಯಾಳುಗಳ ಸಾಗಣೆ ಎಲ್ಲಾ ಅದರ ಮೇಲೇ ನಿಂತಿತ್ತು. ಮೊದಲು ರಷ್ಯಾದ ಎಂಐ-17 ಇದ್ದವು. ಅವುಗಳ ರಿಪೇರಿಯ ಬಹುಪಾಲು ಅಫ್ಗಾನರೇ ಮಾಡಿಕೊಳ್ಳುತ್ತಿದ್ದರು, ಎತ್ತರದಲ್ಲಿ ಹೆಚ್ಚು ಭಾರವನ್ನೂ ಹೊರುತ್ತಿದ್ದವು. ಅದನ್ನು ಬದಲಿಸಿ ಅಮೆರಿಕದ ಬ್ಲ್ಯಾಕ್ ಹಾಕ್ ಕೊಟ್ಟರು. ಅವಕ್ಕೆ ಕೈ ಹಾಕಲು ಗುತ್ತಿಗೆ ಕಂಪನಿಗಳ ಮೆಕ್ಯಾನಿಕ್ಕುಗಳೇ ಬೇಕು. ತಾಲಿಬಾನ್ ಜೊತೆ ಅಮೆರಿಕ ಮಾಡಿಕೊಂಡ 2020ರ ಫೆಬ್ರವರಿ 29ರ ದೋಹಾ ಒಪ್ಪಂದ ನೋಡಿ: 14 ತಿಂಗಳಲ್ಲಿ ಸೈನಿಕರಷ್ಟೇ ಅಲ್ಲ, ಗುತ್ತಿಗೆಯವರು, ತರಬೇತುದಾರರು, ಸಲಹೆಗಾರರು ಎಲ್ಲರೂ ಖಾಲಿ ಮಾಡಬೇಕು. 2021ರಲ್ಲಿ ಮೆಕ್ಯಾನಿಕ್ಕುಗಳು ಹೋದರು. ಅಫ್ಗಾನ್ ಹುಡುಗರು ವಿಡಿಯೋ ಕಾಲ್‌ನಲ್ಲಿ ಕೇಳಿಕೊಂಡು ನಟ್ಟು ಬಿಚ್ಚುವ ಗತಿ ಬಂತು. ಹೆಲಿಕಾಪ್ಟರ್ ಬರೋದಿಲ್ಲ ಅಂತ ಗೊತ್ತಾದ ಠಾಣೆಯಲ್ಲಿ ಎಷ್ಟು ದಿನ ಯಾರು ಕಾದಾಡುತ್ತಾರೆ? ಆಗಸ್ಟ್ 15ಕ್ಕೆ ಕಾಬೂಲ್ ತಾಲಿಬಾನ್ ಕೈಗೆ ಬಿತ್ತು.

ಇದೇ ದೇಶದಿಂದ ಸೋವಿಯತ್ ಸೇನೆ 1989ರ ಫೆಬ್ರವರಿ 15ಕ್ಕೆ ಹೊರಟಿತು. ಆ ಯುದ್ಧವೇನೂ ಕಡಿಮೆ ಕೆಟ್ಟದ್ದಲ್ಲ. ಆದರೆ ಸೈನಿಕರು ಹೋದರೂ ಧಾನ್ಯ, ಇಂಧನ, ಕ್ಷಿಪಣಿ, ದುಡ್ಡು ಬರುತ್ತಲೇ ಇತ್ತು. ಮುಂದಿನ ತಿಂಗಳೇ ಜಲಾಲಾಬಾದ್ ಊರಿನ ಮೇಲೆ ಬಿದ್ದ ಮುಜಾಹಿದೀನ್ ಬಂಡುಕೋರರನ್ನು ಸೋವಿಯತ್ ಬೆಂಬಲದ ಅಧ್ಯಕ್ಷ ನಜೀಬುಲ್ಲಾ ಸೇನೆ ತಡೆದು ನಿಲ್ಲಿಸಿತು. 1992ರ ಜನವರಿಗೆ ಸರಬರಾಜು ನಿಂತಿತು, ಏಪ್ರಿಲ್‌ಗೆ ನಜೀಬುಲ್ಲಾ ಅಧಿಕಾರ ಹೋಯಿತು. ಮೂರು ವರ್ಷ ತಳ್ಳಿದ್ದು ಪಂಪು.

ಬೇರೆಯವರಿಗೆ ಬುದ್ಧಿ ಹೇಳೋ ಮುಂಚೆ ನಮ್ಮ ಮನೆ ಕಡೆಯೂ ನೋಡಬೇಕು. ಶ್ರೀಲಂಕಾಕ್ಕೆ 1987ರಲ್ಲಿ ಹೋದ ಶಾಂತಿಪಾಲನಾ ಪಡೆಯಲ್ಲಿ ಸುಮಾರು 1,200 ಭಾರತೀಯ ಯೋಧರು ಸತ್ತರು. ವಾಪಸಾತಿ ಅಂಪಾರೈ ಜಿಲ್ಲೆಯಿಂದ ಶುರುವಾಗಿ 1990ರ ಮಾರ್ಚ್ 24ಕ್ಕೆ ಟ್ರಿಂಕೋಮಲಿಯಲ್ಲಿ ಮುಗಿಯಿತು. ಹೊರಡುವ ಮುಂಚೆ, ಎಷ್ಟೋ ಕಡೆ ಬಲವಂತದಿಂದ ಸೇರಿಸಿದ ತಮಿಳು ಹುಡುಗರಿಗೆ ಬಂದೂಕು ಕೊಟ್ಟು ‘ತಮಿಳು ರಾಷ್ಟ್ರೀಯ ಸೇನೆ’ ಅಂತ ನಿಲ್ಲಿಸಿದ್ದರು. ನಮ್ಮವರು ಒಂದೊಂದೇ ಜಿಲ್ಲೆ ಬಿಟ್ಟ ಹಾಗೆ ಎಲ್‌ಟಿಟಿಇ ಹುಲಿಗಳು ಒಳಗೆ ಬಂದರು. ಹುಡುಗರೂ ಹೋದರು, ಬಂದೂಕೂ ಹುಲಿಗಳ ಕೈಸೇರಿತು.

‘ಇನ್ನೊಂದು ವರ್ಷ ಇರೋಣ’ ಅನ್ನೋರ ಬಾಯಿಗೆ ಈ ಮಾತೆಲ್ಲ ಸಕ್ಕರೆ, ಗೊತ್ತು. ಹಾಗೆ ಹೇಳಿಯೇ ಎರಡು ವರ್ಷದ ಕೆಲಸ ಇಪ್ಪತ್ತಾಗೋದು. ಅದಕ್ಕೇ ಹೊರಡುವ ತಾರೀಖು ಬದಲಾಗಬಾರದು. ಹೊರಡುವ ಸಾಲು ಬದಲಾಗಲಿ. ಮೊದಲು ದುಭಾಷಿಗಳು, ಡ್ರೈವರುಗಳು, ಅವರ ಮನೆಯವರು. ಆಮೇಲೆ ಭಾರೀ ಶಸ್ತ್ರ, ಸೈನಿಕರು. ಮೆಕ್ಯಾನಿಕ್ಕು, ಬಿಡಿಭಾಗ, ಸಂಬಳದ ದುಡ್ಡು ಕೊಟ್ಟಕೊನೆಗೆ.

2021ರಲ್ಲಿ ನಡೆದದ್ದು ತಿರುವುಮುರುವು. ಜೊತೆಗೆ ದುಡಿದವರ ವೀಸಾಕ್ಕೆ 14 ಹಂತ, ಕಡತ ತೆವಳುತ್ತಿತ್ತು. ಎರಡು ರನ್‌ವೇ ಇದ್ದ ಬಗ್ರಾಮ್ ವಾಯುನೆಲೆಯನ್ನು ಜುಲೈ ಮೊದಲ ವಾರದಲ್ಲೇ, ರಾತ್ರೋರಾತ್ರಿ, ಅಲ್ಲಿನ ಹೊಸ ಅಫ್ಗಾನ್ ಕಮಾಂಡರಿಗೂ ತಿಳಿಸದೆ ಬಿಟ್ಟರು. ಆಗಸ್ಟ್‌ನಲ್ಲಿ ಲಕ್ಷಕ್ಕೂ ಹೆಚ್ಚು ಜನರನ್ನು ಸಾಗಿಸಲು ಉಳಿದದ್ದು ಊರ ನಡುವಿನ ಕಾಬೂಲ್ ನಿಲ್ದಾಣದ ಒಂದೇ ರನ್‌ವೇ. 26ನೇ ತಾರೀಖು ಬಾಂಬು ಸಿಡಿದದ್ದು ಅದರ ಗೇಟಿನಲ್ಲೇ, ಕಾಗದ ಕೈಯಲ್ಲಿ ಹಿಡಿದು ಚರಂಡಿಯಲ್ಲಿ ನಿಂತಿದ್ದವರ ನಡುವೆ.