ಕ್ಯಾಲಿಸಿವೈರಸ್ಸಿನ ಪ್ಲೇಟು ಓದಿದ ದಿನ

ಪುಣೆಯ ಪ್ರಯೋಗಾಲಯವೊಂದರಲ್ಲಿ ಬೆಕ್ಕುಗಳ ಕ್ಯಾಲಿಸಿವೈರಸ್ಸಿನ ತಳಿಗಳನ್ನು ಪ್ರತಿಕಾಯಗಳ (ರೋಗಾಣುವಿಗೆ ಅಂಟಿಕೊಳ್ಳುವ, ದೇಹ ತಯಾರಿಸುವ ಪ್ರೋಟೀನುಗಳ) ನೆರವಿನಿಂದ ಬೇರ್ಪಡಿಸುವುದನ್ನು ಕಲಿಯುತ್ತಿದ್ದಾಗ, ಮಳೆಗಾಲದ ಒಂದು ಬೆಳಿಗ್ಗೆ ಓದಿದ ಪ್ಲೇಟು, ಅಂದರೆ ಪುಟ್ಟ ಕುಳಿಗಳ ಸಾಲುಗಳಿರುವ ಪರೀಕ್ಷಾ ಫಲಕ, ನನಗೆ ಇಂದಿಗೂ ಮುಖ್ಯವಾಗಿದೆ.

ಬೆಕ್ಕುಗಳಿಗೆ ನೆಗಡಿ, ನಾಲಿಗೆಯ ಮೇಲೆ ಹುಣ್ಣು, ಕೆಲವೊಮ್ಮೆ ಕುಂಟು ತರುವ ಈ ಆರ್‌ಎನ್‌ಎ ವೈರಸ್ಸು ತನ್ನ ಪ್ರತಿಯನ್ನು ಮಾಡಿಕೊಳ್ಳುವಾಗ ನುಸುಳುವ ತಪ್ಪುಗಳನ್ನು ತಿದ್ದಿಕೊಳ್ಳುವುದಿಲ್ಲ. ಅದರಲ್ಲೂ ಪ್ರತಿಕಾಯಗಳು ಹಿಡಿಯುವ ಹೊರಕವಚದ ಚಾಚು ಭಾಗವೇ ಅತಿ ಹೆಚ್ಚು ಬದಲಾಗುತ್ತಿರುತ್ತದೆ. ಆದರೂ ತಳಿಗಳ ನಡುವಿನ ಹೋಲಿಕೆ ಎಷ್ಟಿದೆಯೆಂದರೆ, ಗುಣವಾದ ಬೆಕ್ಕಿನ ಸೀರಮ್ (ಹಲವು ಬಗೆಯ ಪ್ರತಿಕಾಯಗಳಿರುವ, ರಕ್ತದ ತಿಳಿ ದ್ರವ) ಬಹುತೇಕ ತಳಿಗಳನ್ನು ಅಷ್ಟಿಷ್ಟು ಗುರುತಿಸಿ, ವ್ಯತ್ಯಾಸವನ್ನು ಮಸುಕಾಗಿಸುತ್ತದೆ. 1975ರಲ್ಲಿ ವಿಜ್ಞಾನಿಗಳಾದ ಕೋಹ್ಲರ್ ಮತ್ತು ಮಿಲ್‌ಸ್ಟೈನ್ ತೋರಿಸಿದ ವಿಧಾನದಿಂದ ತಯಾರಾಗುವ ಮೊನೊಕ್ಲೋನಲ್ ಪ್ರತಿಕಾಯ, ಅಂದರೆ ಒಂದೇ ಜೀವಕೋಶದ ಸಂತತಿಯಿಂದ ಬರುವ ಒಂದೇ ಬಗೆಯ ಪ್ರತಿಕಾಯ, ಮಾತ್ರ ವೈರಸ್ಸಿನ ಒಂದೇ ಒಂದು ತಾಣವನ್ನು ಹಿಡಿಯುತ್ತದೆ.

ಲಸಿಕೆಗೆ ಬಳಸುವ ಎಫ್9 ತಳಿಯನ್ನೂ ಊರಿನ ಬೆಕ್ಕುಗಳಿಂದ ಬಂದ ಮಾದರಿಗಳನ್ನೂ ಬೇರೆ ಬೇರೆ ಮೊನೊಕ್ಲೋನಲ್‌ಗಳೊಂದಿಗೆ 37 ಡಿಗ್ರಿಯಲ್ಲಿ ಬೆರೆಸಿಟ್ಟು, ಬೆಕ್ಕಿನ ಮೂತ್ರಪಿಂಡದ ಜೀವಕೋಶಗಳ ಮೇಲೆ ಹಾಕಿದ್ದೆವು. ಒಂದು ಪ್ರತಿಕಾಯ ಎಫ್9 ಅನ್ನು ಪೂರ್ತಿ ತಡೆದಿತ್ತು. ಅದೇ ಸಾಲಿನಲ್ಲಿ ಊರಿನ ಮಾದರಿಯೊಂದು ಜೀವಕೋಶಗಳನ್ನೆಲ್ಲ ದುಂಡಗಾಗಿಸಿ ತಳದಿಂದ ಎಬ್ಬಿಸಿತ್ತು, ಅಂದರೆ ಆ ಪ್ರತಿಕಾಯ ಅದನ್ನು ತಡೆದಿರಲಿಲ್ಲ. ಇನ್ನೊಂದು ಪ್ರತಿಕಾಯ ಫ್ಲೋರೋಸೆಂಟ್ ಸೂಕ್ಷ್ಮದರ್ಶಕದಡಿ ಎಲ್ಲ ತಳಿಗಳಲ್ಲೂ ಹಸಿರಾಗಿ ಬೆಳಗಿ, ತಾನು ಅಂಟಿಕೊಂಡಿದ್ದನ್ನು ತೋರಿಸಿತ್ತು, ಆದರೆ ಒಂದನ್ನೂ ತಡೆದಿರಲಿಲ್ಲ. ಅಂಟಿಕೊಳ್ಳುವುದು ಬೇರೆ, ಸೋಂಕನ್ನು ತಡೆಯುವುದು ಬೇರೆ ಎಂಬುದನ್ನು ನಾನು ಪಾಠದಲ್ಲಿ ಓದಿದ್ದೆ. ಕಣ್ಣಾರೆ ಕಂಡದ್ದು ಅಂದು.

ಕೋಥರೂಡಿನ ನಮ್ಮ ಸೊಸೈಟಿಯಲ್ಲಿ ಬೆಕ್ಕುಗಳಿಗೆ ಅನ್ನ ಹಾಕುವ ಧಾರವಾಡದ ಅಕ್ಕ ಒಬ್ಬರು, "ಸೂಜಿ ಹಾಕಿಸಿದ ಮ್ಯಾಲೂ ಬಾಯಾಗ ಹುಣ್ಣು ಹೆಂಗ ಬಂತವಾ?" ಎಂದು ಅದೇ ವಾರ ಕೇಳಿದ್ದರು. ತಳಿ ಬದಲಾಗಿದೆ, ಲಸಿಕೆ ಸೋತಿದೆ ಎಂದು ಆ ಪ್ಲೇಟನ್ನು ನೋಡಿ ಹೇಳಿಬಿಡುವುದು ಸುಲಭವಿತ್ತು, ಆದರೆ ಅದು ನ್ಯಾಯವಾಗುತ್ತಿರಲಿಲ್ಲ. ವೈರಸ್ಸಿನ ಕವಚದ ಪ್ರೋಟೀನನ್ನು ಕಟ್ಟುವ ಘಟಕಗಳಲ್ಲಿ ಒಂದೇ ಒಂದು (ಒಂದು ಅಮೈನೋ ಆಮ್ಲ) ಬದಲಾದರೂ ಒಂದು ಮೊನೊಕ್ಲೋನಲ್ ಹಿಡಿತ ತಪ್ಪಬಹುದು. ಲಸಿಕೆ ಪಡೆದ ಬೆಕ್ಕಿನ ರಕ್ತದಲ್ಲಿರುವುದು ಹಲವು ತಾಣಗಳನ್ನು ಹಿಡಿಯುವ ಪ್ರತಿಕಾಯಗಳ ಗುಂಪು. ಈ ಲಸಿಕೆ ರೋಗದ ತೀವ್ರತೆಯನ್ನು ತಗ್ಗಿಸುತ್ತದೆ, ಸೋಂಕನ್ನು ಪೂರ್ತಿ ತಡೆಯುವುದಿಲ್ಲ, ಗುಣವಾದ ಬೆಕ್ಕೂ ಬಹಳ ದಿನ ವೈರಸ್ಸನ್ನು ಹೊರಹಾಕುತ್ತಿರಬಹುದು ಎಂದು ಅಕ್ಕನಿಗೆ ವಿವರಿಸಿ, ಹುಣ್ಣಾದ ಮರಿಗಳನ್ನು ಬೇರೆ ಇಡಲು, ಅವುಗಳ ತಟ್ಟೆಗಳನ್ನು ನೀರು ಬೆರೆಸಿದ ಬ್ಲೀಚಿನಿಂದ ತೊಳೆದು ಚೆನ್ನಾಗಿ ಜಾಲಾಡಲು ಹೇಳಿದೆ.

ಪ್ರಯೋಗಾಲಯದಲ್ಲಿ ಮುಂದಿನ ಪ್ಲೇಟನ್ನು ಅದೇ ಮಾದರಿಗಳ ಮೇಲೆ, ಲಸಿಕೆ ಪಡೆದ ಬೆಕ್ಕುಗಳ ಸೀರಮ್‌ನೊಂದಿಗೆ ಹೂಡಿದೆವು.