ಇಪ್ಪತ್ತೊಂದರ ಆಟದಲ್ಲಿ ಹದಿನಾರರ ಪೇಚು

ಬ್ಲ್ಯಾಕ್‌ಜಾಕ್ ಎಂಬ ಇಸ್ಪೀಟ್ ಆಟ ಹೆಸರು ಮಾಡಿದ್ದು ಅಮೆರಿಕದ ಕ್ಯಾಸಿನೊಗಳಲ್ಲಿ. ಆದರೆ ಅದರ ಹಳೆಯ ಕುರುಹು ಸಿಗುವುದು ಸ್ಪೇನಿನಲ್ಲಿ. ಅಲ್ಲಿನ ಲೇಖಕ ಸರ್ವಾಂಟಿಸ್ 1613ರಲ್ಲಿ ಪ್ರಕಟಿಸಿದ ಕಥೆಯೊಂದರಲ್ಲಿ ಇಬ್ಬರು ಪೋಲಿ ಹುಡುಗರು ದಾರಿಬದಿಯ ಛತ್ರದಲ್ಲಿ ಭೇಟಿಯಾಗುತ್ತಾರೆ. ಅವರಲ್ಲೊಬ್ಬ ಕೊಳಕು ಇಸ್ಪೀಟ್ ಕಟ್ಟೊಂದನ್ನು ಇಟ್ಟುಕೊಂಡು ಇಪ್ಪತ್ತೊಂದರ ಆಟವಾಡಿ ಹೊಟ್ಟೆ ಹೊರೆಯುವವನು. ಎಕ್ಕ ತನ್ನ ಕೈಗೇ ಬರುವಂತೆ ಮಾಡಬಲ್ಲೆ, ಅದು ಒಂದಕ್ಕೂ ಆಗುತ್ತದೆ, ಹನ್ನೊಂದಕ್ಕೂ ಆಗುತ್ತದೆ ಎಂದು ಅವನು ಜಂಬ ಕೊಚ್ಚುತ್ತಾನೆ. ಎಕ್ಕದ ಆ ಎರಡು ಬೆಲೆ ಇಂದಿಗೂ ಹಾಗೆಯೇ ಇದೆ. 18ನೇ ಶತಮಾನದ ಫ್ರಾನ್ಸಿನಲ್ಲಿ ಜನಪ್ರಿಯವಾಗಿದ್ದ ಈ ಆಟ ಮುಂದೆ ಅಮೆರಿಕಕ್ಕೆ ಹೋಯಿತು. 1931ರಲ್ಲಿ ನೆವಾಡಾ ರಾಜ್ಯ ಜೂಜನ್ನು ಕಾನೂನುಬದ್ಧಗೊಳಿಸಿದ ಮೇಲೆ ಅಲ್ಲಿನ ಕ್ಯಾಸಿನೊಗಳಲ್ಲಿ ನೆಲೆಯೂರಿತು.

ಎಲೆಗಳ ಮೊತ್ತ 21ನ್ನು ಮೀರದಂತೆ, ಕ್ಯಾಸಿನೊ ಪರವಾಗಿ ಎಲೆ ಹಂಚಿ ಆಡುವ ಡೀಲರ್‌ಗಿಂತ ಹೆಚ್ಚು ಗಳಿಸಬೇಕು, ಆಟವೆಂದರೆ ಇಷ್ಟೇ. ರಾಜ, ರಾಣಿ, ಗುಲಾಮರಿಗೆ ತಲಾ ಹತ್ತು. ಡೀಲರ್‌ಗೆ ಸ್ವಂತ ಬುದ್ಧಿ ಓಡಿಸುವ ಸ್ವಾತಂತ್ರ್ಯವಿಲ್ಲ. 16ರವರೆಗೆ ಎಳೆಯಲೇಬೇಕು, 17 ಮುಟ್ಟಿದರೆ ಸಾಮಾನ್ಯವಾಗಿ ನಿಲ್ಲಬೇಕು. ಹಾಗಿದ್ದೂ ಕ್ಯಾಸಿನೊ ಗೆಲ್ಲುವುದು ಹೇಗೆಂದರೆ, ಮೊದಲು ಎಳೆಯಬೇಕಾದವನು ಆಟಗಾರ. ಅವನು 21 ದಾಟಿದೊಡನೆ ಪಣ ಹೋಯಿತು, ಆಮೇಲೆ ಡೀಲರ್ ಕೂಡ ದಾಟಿದರೂ ಅದು ಮರಳಿ ಬರುವುದಿಲ್ಲ.

ಈ ಅನನುಕೂಲವನ್ನು ಎಷ್ಟರಮಟ್ಟಿಗೆ ತಗ್ಗಿಸಬಹುದೆಂದು ಮೊದಲು ಸರಿಯಾಗಿ ಲೆಕ್ಕ ಹಾಕಿದವರು ಜೂಜುಕೋರರಲ್ಲ. ಮೇರಿಲ್ಯಾಂಡಿನ ಅಬರ್ಡೀನ್ ಸೇನಾ ನೆಲೆಯಲ್ಲಿದ್ದ ರೋಜರ್ ಬಾಲ್ಡ್‌ವಿನ್, ವಿಲ್ಬರ್ಟ್ ಕ್ಯಾಂಟಿ, ಹರ್ಬರ್ಟ್ ಮೈಸೆಲ್ ಮತ್ತು ಜೇಮ್ಸ್ ಮೆಕ್‌ಡರ್ಮಟ್ ಮೇಜಿನ ಮೇಲಿಡುವ ಲೆಕ್ಕದ ಯಂತ್ರಗಳಲ್ಲೇ ಒಂದೊಂದು ಸಂದರ್ಭವನ್ನೂ ಬಿಡಿಸಿ, 1956ರಲ್ಲಿ ಅಮೆರಿಕದ ಸಂಖ್ಯಾಶಾಸ್ತ್ರ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದರು. ಹೊರಬಿದ್ದ ಎಲೆಗಳ ಲೆಕ್ಕ ಇಟ್ಟುಕೊಂಡು ಕ್ಯಾಸಿನೊವನ್ನೇ ಸೋಲಿಸಬಹುದೆಂದು 1962ರಲ್ಲಿ ತೋರಿಸಿದ ಎಡ್ವರ್ಡ್ ಥಾರ್ಪ್‌ಗೆ ಸಿಕ್ಕ ಕೀರ್ತಿ ಇವರಿಗೆ ಸಿಗಲಿಲ್ಲ. ನನ್ನ ದೃಷ್ಟಿಯಲ್ಲಿ ಹೆಚ್ಚಿನ ಶ್ರಮ ಇವರದೇ.

ಈ ಲೆಕ್ಕದ ಸ್ವಭಾವ ತಿಳಿಯಲು ಹದಿನಾರನ್ನು ನೋಡಬೇಕು. ನಿಮ್ಮ ಕೈಯಲ್ಲಿ ಹತ್ತು ಮತ್ತು ಆರು, ಡೀಲರ್‌ನ ತೆರೆದ ಎಲೆ ಏಳು ಎಂದುಕೊಳ್ಳಿ. ಇನ್ನೊಂದು ಎಲೆ ಎಳೆದರೆ ಹದಿಮೂರು ಬಗೆಯ ಎಲೆಗಳಲ್ಲಿ ಎಂಟು ನಿಮ್ಮನ್ನು ಮುಳುಗಿಸುತ್ತವೆ, ಆದ್ದರಿಂದ ಕೈ ತಾನಾಗಿ ಹಿಂದೆ ಸರಿಯುತ್ತದೆ. ಆದರೆ ನಿಂತರೆ 100 ರೂಪಾಯಿ ಪಣಕ್ಕೆ ಸರಾಸರಿ ಸುಮಾರು 48 ರೂಪಾಯಿ ನಷ್ಟ, ಎಳೆದರೆ ಸುಮಾರು 41. ಎರಡೂ ಸೋಲೇ, ಕಡಿಮೆ ಸೋಲನ್ನು ಆರಿಸಿಕೊಳ್ಳುವುದೇ ಇಲ್ಲಿ ಜಾಣತನ, ಮತ್ತು ಇದನ್ನು ಒಪ್ಪಿಕೊಳ್ಳಲು ಮನಸ್ಸಿಗೆ ಬಹಳ ಕಷ್ಟ. ಅದೇ ಹದಿನಾರಕ್ಕೆ ಎದುರಾಗಿ ಡೀಲರ್‌ನ ಎಲೆ ಎರಡರಿಂದ ಆರರೊಳಗಿದ್ದರೆ ನಿಲ್ಲಬೇಕು. ಅವನ ಬಳಿ ಐದೋ ಆರೋ ಇದ್ದರಂತೂ ನೂರರಲ್ಲಿ ನಲವತ್ತಕ್ಕೂ ಹೆಚ್ಚು ಸಲ ಅವನೇ ಮುಳುಗುತ್ತಾನೆ.

ಉಳಿದದ್ದು ಹೆಚ್ಚು ಕಡಿಮೆ ಬಾಯಿಪಾಠದ ವಿಷಯ. ಎರಡು ಎಕ್ಕಗಳನ್ನೂ ಎರಡು ಎಂಟುಗಳನ್ನೂ ಒಡೆದು ಎರಡು ಬೇರೆ ಕೈಗಳಾಗಿ ಆಡಬೇಕು, ಎರಡು ಹತ್ತುಗಳನ್ನು ಒಡೆಯಲೇಬಾರದು. ಡೀಲರ್ ಎಂಥ ದುರ್ಬಲ ಎಲೆ ತೋರಿಸಿದರೂ ಇಪ್ಪತ್ತನ್ನು ಕೆಡಿಸಿಕೊಳ್ಳುವುದು ದುರಾಸೆ. ಎರಡೆಲೆಯಲ್ಲಿ ಹನ್ನೊಂದು ಬಂದಾಗ ಪಣ ಇಮ್ಮಡಿ ಮಾಡುವುದು ಬಹುತೇಕ ಸದಾ ಲಾಭಕರ. ಡೀಲರ್‌ನ ಎಕ್ಕ ಕಂಡೊಡನೆ ನೀಡುವ 'ಇನ್ಶೂರೆನ್ಸ್' ಹೆಸರಿಗಷ್ಟೇ ವಿಮೆ. ಡೀಲರ್‌ನ ಮುಚ್ಚಿದ ಎಲೆ ಹತ್ತರ ಬೆಲೆಯದಾದರೆ ಎರಡು ಪಟ್ಟು ಕೊಡುವ ಆ ಬೇರೆ ಪಣ ಸರಿದೂಗಲು ಮೂರರಲ್ಲೊಂದು ಸಲ ಹಾಗೆಯೇ ಆಗಬೇಕು. ಒಂದು ಕಟ್ಟಿನಲ್ಲಿ ಆ ಎಕ್ಕ ಬಿಟ್ಟು ಉಳಿದ 51 ಎಲೆಗಳಲ್ಲಿ ಅಂಥವು ಇರುವುದು 16 ಮಾತ್ರ.

ಇಷ್ಟೆಲ್ಲ ತಪ್ಪಿಲ್ಲದೆ ಪಾಲಿಸಿದರೂ, ಒಳ್ಳೆಯ ನಿಯಮಗಳಿರುವ ಮೇಜಿನಲ್ಲಿ ಸುಮಾರು ಅರ್ಧ ಶೇಕಡಾ ಮೇಲುಗೈ ಕ್ಯಾಸಿನೊದ್ದೇ. ಎಕ್ಕ ಮತ್ತು ಹತ್ತರ ಜೋಡಿ ಬಿದ್ದಾಗ 100 ರೂಪಾಯಿಗೆ 150ರ ಬದಲು 120 ಕೊಡುವ ಮೇಜುಗಳು ಈಗ ಸಾಮಾನ್ಯವಾಗಿವೆ. ಅದೊಂದರಿಂದಲೇ ಆ ಮೇಲುಗೈ ಸುಮಾರು 1.4 ಶೇಕಡಾವಾರು ಅಂಶದಷ್ಟು ಏರುತ್ತದೆ. ಆ ದರವನ್ನು ಮೇಜಿನ ಹಸಿರು ಬಟ್ಟೆಯ ಮೇಲೆಯೇ ಬರೆದಿರುತ್ತಾರೆ, ಕೂರುವ ಮೊದಲು ಓದಿಕೊಳ್ಳಬಹುದು.