ಬೆಡ್ಡು ಖಾಲಿ ಇರಲಿಲ್ಲ

ಅಪ್ಪನ ಕಿಡ್ನಿ ಕೈಕೊಟ್ಟಿತ್ತು. ಡಯಾಲಿಸಿಸ್, ಅಂದರೆ ಮಷೀನಿನಲ್ಲಿ ರಕ್ತ ಶುದ್ಧ ಮಾಡಿಸುವುದು, ಇದ್ದದ್ದು ಮಂಗಳವಾರ ಮತ್ತು ಶುಕ್ರವಾರ. ಹನ್ನೊಂದು ಗಂಟೆಯ ಪಾಳಿ. ವಾರಕ್ಕೆ ಎರಡು ಸಲ ನಾನೋ ತಮ್ಮನೋ ಅವರನ್ನು ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿ ತೂಕ ನೋಡಿಸುತ್ತಿದ್ದೆವು. ಮೈಯಲ್ಲಿ ಎಷ್ಟು ನೀರು ನಿಂತಿದೆ ಅಂತ ಟೆಕ್ನಿಷಿಯನ್ ಲೆಕ್ಕ ಹಾಕಿ, ಕೈಯಲ್ಲಿ ಎರಡು ರಕ್ತನಾಳ ಜೋಡಿಸಿ ಮಾಡಿದ್ದ ಫಿಸ್ಟುಲಾಕ್ಕೆ ಎರಡು ದಪ್ಪ ಸೂಜಿ ಚುಚ್ಚುತ್ತಿದ್ದರು. ಆಮೇಲೆ ನಾಲ್ಕು ಗಂಟೆ ಹೊರಗೆ ಬೆಂಚಿನ ಮೇಲೆ ಕಾಯುವುದು. ಐದು ಮಷೀನು, ಐದು ಬೆಡ್ಡು.

ಪಕ್ಕದ ಬೆಡ್ಡಿಗೆ ಒಬ್ಬ ಅಕ್ಕ ಬರುತ್ತಿದ್ದರು. ಕಾಫಿ ತೋಟದ ಲೈನ್ ಮನೆಯವರು, ವಯಸ್ಸು ನಲವತ್ತೂ ಆಗಿರಲಿಲ್ಲ. ಡಯಾಲಿಸಿಸ್ ಉಚಿತವೇ. ಆದರೆ ಜೊತೆಗೆ ಬರುವ ಗಂಡನಿಗೆ ವಾರಕ್ಕೆ ಎರಡು ದಿನದ ಕೂಲಿ ಹೋಗುತ್ತಿತ್ತು. ರಕ್ತ ಹೆಚ್ಚಿಸುವ ಇಂಜೆಕ್ಷನ್ ಸ್ಟಾಕ್ ಇಲ್ಲದ ದಿನ ಹೊರಗಡೆಯಿಂದ ಕೊಂಡು ತರಬೇಕಿತ್ತು. ಒಂದು ಮಂಗಳವಾರ ಅಕ್ಕ ಬರಲಿಲ್ಲ. ಶುಕ್ರವಾರವೂ ಇಲ್ಲ. ಮುಂದಿನ ವಾರ ನೋಡಿದರೆ ಆ ಬೆಡ್ಡಿನಲ್ಲಿ ಇಪ್ಪತ್ತೆರಡು ವರ್ಷದ ಹುಡುಗ ಮಲಗಿದ್ದ. ಟೆಕ್ನಿಷಿಯನ್‌ನ ಕೇಳಿದೆ. ಎರಡು ಸಲ ಫೋನ್ ಮಾಡಿದರಂತೆ. ಮಗಳು ಎತ್ತಿ, ‘ಅಮ್ಮ ಇನ್ಮೇಲೆ ಬರಲ್ಲ ಸಾರ್’ ಅಂದಳಂತೆ. ತಿಂಗಳೊಳಗೆ ಅಕ್ಕ ಮನೆಯಲ್ಲೇ ತೀರಿಕೊಂಡರು.

ನನಗೆ ಇವತ್ತಿಗೂ ಕಾಡುವುದು ಏನು ಗೊತ್ತಾ? ಆ ತಿಂಗಳ ರಿಜಿಸ್ಟರಿನಲ್ಲಿ ರೋಗಿಗಳ ಸಂಖ್ಯೆ ಒಂದೂ ಕಮ್ಮಿ ಆಗಿರಲಿಲ್ಲ. ಒಬ್ಬರು ಹೋದರು, ಒಬ್ಬರು ಬಂದರು. ನಮ್ಮೂರಿನ ಬೆಳಗಿನ ಬಸ್ಸು ದಿನಾ ತುಂಬಿರುತ್ತದೆ, ಅಲ್ವಾ? ಅದನ್ನು ನೋಡಿ ಎಷ್ಟು ಜನ ಸ್ಟಾಪಿನಲ್ಲೇ ಉಳಿದರು, ಎಷ್ಟು ಜನ ಅರ್ಧ ದಾರಿಯಲ್ಲಿ ಇಳಿದರು ಅಂತ ಹೇಳಲು ಆಗುವುದಿಲ್ಲ. ಡಯಾಲಿಸಿಸ್ ಲೆಕ್ಕವೂ ಹಾಗೇ. ‘ಇಷ್ಟು ಜನ ಡಯಾಲಿಸಿಸ್ ಮೇಲೆ ಇದ್ದಾರೆ’ ಎನ್ನುವ ಸಂಖ್ಯೆ ಬದುಕಿರುವವರದ್ದು ಮಾತ್ರ.

ಆಮೇಲೆ ನಾನು ಸಿಕ್ಕಿದ್ದನ್ನೆಲ್ಲ ಓದಲು ಶುರು ಮಾಡಿದೆ. 2016ರ ಬಜೆಟ್ಟಿನಲ್ಲಿ ಆಗಿನ ಹಣಕಾಸು ಸಚಿವ ಅರುಣ್ ಜೇಟ್ಲಿ ಅವರು ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಘೋಷಿಸಿದಾಗ, ದೇಶದಲ್ಲಿ ಪ್ರತಿ ವರ್ಷ ಹೊಸದಾಗಿ 2.2 ಲಕ್ಷ ಜನರಿಗೆ ಕಿಡ್ನಿ ಪೂರ್ತಿ ಕೈಕೊಡುತ್ತದೆ, ಅದಕ್ಕೆ ವರ್ಷಕ್ಕೆ 3.4 ಕೋಟಿ ಡಯಾಲಿಸಿಸ್ ಹೆಚ್ಚುವರಿಯಾಗಿ ಬೇಕಾಗುತ್ತದೆ, ಈಗ ಬೇಡಿಕೆಯ ಅರ್ಧ ಮಾತ್ರ ಪೂರೈಕೆ ಆಗುತ್ತಿದೆ ಎಂದಿದ್ದರು. ಅರ್ಧ! ಇಡೀ ಪ್ರಪಂಚದ ಲೆಕ್ಕ ಇನ್ನೂ ಭಯ ಹುಟ್ಟಿಸುತ್ತದೆ. 2010ರಲ್ಲಿ ಡಯಾಲಿಸಿಸ್ ಅಥವಾ ಕಿಡ್ನಿ ಕಸಿ ಸಿಕ್ಕವರು ಸುಮಾರು 26 ಲಕ್ಷ. ಅದು ಸಿಗದೆ ಸತ್ತವರು ಕಮ್ಮಿ ಅಂದರೂ 23 ಲಕ್ಷ, 71 ಲಕ್ಷದವರೆಗೂ ಇರಬಹುದು ಎಂದು 2015ರಲ್ಲಿ ಬಂದ ಒಂದು ಅಧ್ಯಯನ ಅಂದಾಜು ಮಾಡಿದೆ. ಜಪಾನಿನಲ್ಲಿ 3 ಲಕ್ಷಕ್ಕೂ ಜಾಸ್ತಿ ಜನ ಡಯಾಲಿಸಿಸ್ ಮೇಲಿದ್ದಾರೆ. ಮೊದಲು ಓದಿದಾಗ, ಅಯ್ಯೋ, ಅಲ್ಲಿ ಇಷ್ಟೊಂದು ಕಾಯಿಲೆಯಾ ಅನ್ನಿಸಿತು. ಆಮೇಲೆ ಅರ್ಥವಾಯಿತು. ಅಲ್ಲಿ ಡಯಾಲಿಸಿಸ್ ಶುರು ಮಾಡಿದವರು ಬಹಳ ವರ್ಷ ಬದುಕುತ್ತಾರೆ, ಅದಕ್ಕೇ ಲೆಕ್ಕ ದೊಡ್ಡದು. ವಾರಕ್ಕೆ ಮೂರು ಸಲ ಮಾಡಿಸಬೇಕು ಎನ್ನುವುದು ರೂಢಿಯ ನಿಯಮ. ನಮ್ಮಲ್ಲಿ ಎಷ್ಟೋ ಜನರಿಗೆ ಎರಡೇ. ಅಪ್ಪನಿಗೂ ಎರಡೇ.

ಇನ್ನೊಂದು ಸಂಖ್ಯೆ ಓದಿದಾಗ ಅಪ್ಪನ ಮುಖವೇ ಕಣ್ಣ ಮುಂದೆ ಬಂತು. ನಮ್ಮ ದೇಶದ ಕಿಡ್ನಿ ವೈದ್ಯರು ಸೇರಿ 52,273 ರೋಗಿಗಳ ಮಾಹಿತಿ ಒಟ್ಟುಗೂಡಿಸಿ 2012ರಲ್ಲಿ ಪ್ರಕಟಿಸಿದರು. ಅವರಲ್ಲಿ ಸುಮಾರು ಅರ್ಧದಷ್ಟು ಜನ ಕಿಡ್ನಿ ವೈದ್ಯರ ಹತ್ತಿರ ಬರುವ ಹೊತ್ತಿಗೇ ಐದನೇ, ಅಂದರೆ ಕೊನೆಯ ಹಂತದಲ್ಲಿದ್ದರು. 31% ಜನರಿಗೆ ಕಾರಣ ಶುಗರ್. 16% ಜನರಿಗೆ ಕಾರಣವೇ ತಿಳಿದಿರಲಿಲ್ಲ. ಅಪ್ಪನಿಗೆ ಹನ್ನೊಂದು ವರ್ಷದಿಂದ ಶುಗರ್ ಇತ್ತು. ತಿಂಗಳು ತಿಂಗಳು ರಕ್ತದಲ್ಲಿ ಶುಗರ್ ನೋಡಿಸುತ್ತಿದ್ದೆವು, ಮೂತ್ರದಲ್ಲಿ ಆಲ್ಬುಮಿನ್ ಎನ್ನುವ ಪ್ರೋಟೀನ್ ಹೋಗುತ್ತಿದೆಯಾ ಅಂತ ಒಂದು ಸಲವೂ ನೋಡಿಸಲಿಲ್ಲ. ಕಾಲು ಊದಿದರೆ ವಯಸ್ಸಾಯಿತಲ್ಲ ಅಂದೆವು. ಮಂಡಿ ನೋವಿಗೆ ಮೆಡಿಕಲ್ ಶಾಪಿನಿಂದ ಮಾತ್ರೆ ತಂದುಕೊಟ್ಟೆವು, ಅದು ಕಿಡ್ನಿಗೆ ಕೆಟ್ಟದ್ದು ಅಂತ ಗೊತ್ತೇ ಇರಲಿಲ್ಲ. ನಿಮ್ಮ ಮನೆಯಲ್ಲಿ ಶುಗರ್, ಬಿಪಿ ಇರುವವರಿದ್ದರೆ ವರ್ಷಕ್ಕೊಮ್ಮೆ ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ಹೇಳುವ ರಕ್ತದ ಕ್ರಿಯಾಟಿನಿನ್ ಮತ್ತು ಮೂತ್ರದ ಆಲ್ಬುಮಿನ್ ಎರಡನ್ನೂ ದಯವಿಟ್ಟು ನೋಡಿಸಿ. ಕಿಡ್ನಿ ಹಾಳಾಗುವಾಗ ನೋವು ಅಂತ ಬಹಳ ಸಲ ಏನೂ ಇರುವುದಿಲ್ಲ.

ಕಸಿ ಮಾಡಿಸಬಹುದಿತ್ತಲ್ಲ ಅಂತ ಎಲ್ಲರೂ ಕೇಳುತ್ತಾರೆ. ಅಮ್ಮನಿಗೂ ಶುಗರ್, ಹಾಗಾಗಿ ಅವರು ಕೊಡುವಂತಿರಲಿಲ್ಲ. ಮಕ್ಕಳದ್ದು ಬೇಡವೇ ಬೇಡ ಅಂತ ಅಪ್ಪ ಹಠ ಹಿಡಿದರು. 2023ರಲ್ಲಿ ಇಡೀ ದೇಶದಲ್ಲಿ ಆದ ಕಿಡ್ನಿ ಕಸಿ 13,426. ಆ 2.2 ಲಕ್ಷದ ಪಕ್ಕ ಇದನ್ನಿಟ್ಟು ನೋಡಿ. ಕೊಡುವವರು ಯಾರು, ಪಡೆಯುವವರು ಯಾರು ಅಂತ ಹುಡುಕಿದರೆ ಹೊಟ್ಟೆ ಉರಿಯುತ್ತದೆ. 2019ರಿಂದ 2023ರವರೆಗೆ ಎಲ್ಲಾ ಅಂಗಗಳೂ ಸೇರಿ ಬದುಕಿರುವವರು ಮಾಡಿದ ದಾನ 56,509. ಅದರಲ್ಲಿ 36,038 ಹೆಂಗಸರದ್ದು. ಹೆಂಗಸರಿಗೆ ಸಿಕ್ಕದ್ದು 17,041. ಹೆಂಡತಿ ಕೊಡುತ್ತಾಳೆ, ತಾಯಿ ಕೊಡುತ್ತಾಳೆ. ಅವಳಿಗೇ ಬಂದಾಗ? ಆ ಅಕ್ಕನ ಮನೆಯಲ್ಲಿ ಕಸಿಯ ಮಾತೇ ಎದ್ದಿರಲಿಲ್ಲ.

ಸತ್ತ ನಂತರದ ದಾನ ಜಾಸ್ತಿಯಾಗದೆ ಇದಕ್ಕೆ ದಾರಿಯಿಲ್ಲ. 2023ರಲ್ಲಿ ದೇಶದಲ್ಲಿ ಹಾಗೆ ದಾನ ಮಾಡಿದವರು 1,099 ಜನ ಮಾತ್ರ. ಪುನೀತ್ ರಾಜ್‌ಕುಮಾರ್ ಅವರ ನಂತರ ನಮ್ಮ ಜನ ಸಾಲುಗಟ್ಟಿ ಕಣ್ಣುದಾನಕ್ಕೆ ಹೆಸರು ಬರೆಸಿದರು, ನೆನಪಿದೆಯಾ? ಕಣ್ಣನ್ನು ಹೃದಯ ನಿಂತ ಮೇಲೂ ಕೆಲವು ಗಂಟೆಯೊಳಗೆ ತೆಗೆಯಬಹುದು. ಕಿಡ್ನಿ ಹಾಗಲ್ಲ. ಸಾಮಾನ್ಯವಾಗಿ ಮೆದುಳು ಸತ್ತು, ಹೃದಯ ಇನ್ನೂ ಬಡಿಯುತ್ತಿರುವಾಗಲೇ ತೆಗೆಯಬೇಕು, ಆ ಹೊತ್ತಿನಲ್ಲಿ ಮನೆಯವರು ಒಪ್ಪಬೇಕು. ಅದು ಎಷ್ಟು ಕಷ್ಟದ ನಿರ್ಧಾರ ಯೋಚಿಸಿ. 2021ರ ಜೂನ್‌ನಲ್ಲಿ ಸಂಚಾರಿ ವಿಜಯ್ ಅವರ ಮನೆಯವರು ಆ ದುಃಖದಲ್ಲೂ ಒಪ್ಪಿದರು. ನಾನೂ ತಮ್ಮನೂ ನಮ್ಮ ರಾಜ್ಯದ ಅಂಗದಾನ ಸಂಸ್ಥೆ ಜೀವಸಾರ್ಥಕತೆಯಲ್ಲಿ ಹೆಸರು ಬರೆಸಿದ್ದೇವೆ. ಬರೆಸಿದ್ದಕ್ಕಿಂತ ಮುಖ್ಯವಾಗಿ, ಮನೆಯವರ ಹತ್ತಿರ ಕೂತು ಮಾತಾಡಿದ್ದೇವೆ.

ಅಕ್ಕನಂಥವರನ್ನು ಎಣಿಸುವವರೇ ಇಲ್ಲ ಅಂದುಕೊಂಡಿದ್ದೆ. ನಮ್ಮ ದೇಶದಲ್ಲೇ ನಡೆದ ಒಂದು ಅಧ್ಯಯನ ಆ ಕೆಲಸ ಮಾಡಿದೆ. ಮನೆಮನೆಗೆ ಹೋಗಿ, ಸತ್ತವರಿಗೆ ಕೊನೆಯ ದಿನಗಳಲ್ಲಿ ಏನಾಗಿತ್ತು ಅಂತ ಕೇಳಿ ಬರೆದುಕೊಂಡಿದ್ದಾರೆ. 15ರಿಂದ 69 ವರ್ಷದವರ ಸಾವಿನಲ್ಲಿ ಕಿಡ್ನಿ ವೈಫಲ್ಯದ ಪಾಲು 2001–03ರಲ್ಲಿ 2.1% ಇದ್ದದ್ದು 2010–13ರಲ್ಲಿ 2.9% ಆಗಿತ್ತು. ಆಸ್ಪತ್ರೆಯ ರಿಜಿಸ್ಟರಿನಲ್ಲಿ ಕೂತು ಹುಡುಕಿದ್ದರೆ ಇದು ಸಿಗುತ್ತಿರಲಿಲ್ಲ.

ಅಪ್ಪ ಹೋದದ್ದು ಒಂದು ಭಾನುವಾರ ರಾತ್ರಿ, ಆಸ್ಪತ್ರೆಯಲ್ಲೇ. ಡಯಾಲಿಸಿಸ್‌ನವರಲ್ಲಿ ಬಹಳ ಜನರಿಗೆ ಆಗುವ ಹಾಗೆ ಹೃದಯ ನಿಂತಿತು. ಡ್ಯೂಟಿ ಡಾಕ್ಟರು ಫಾರಂ ತುಂಬುತ್ತಿದ್ದರು, ಕಾರಣ ಹೃದಯಾಘಾತ ಅಂತ ಬರೆದಿದ್ದರು. ‘ಸಾರ್, ಕಿಡ್ನಿದೂ ಬರೀರಿ’ ಅಂದೆ. ಅವರು ಒಂದು ಸಲ ನನ್ನ ಮುಖ ನೋಡಿದರು. ಎಷ್ಟು ದಿನದಿಂದ ಡಯಾಲಿಸಿಸ್ ಅಂತ ಕೇಳಿದರು. ಕೆಳಗಿನ ಸಾಲಿನಲ್ಲಿ ಕಿಡ್ನಿ ವೈಫಲ್ಯ ಅಂತ ಸೇರಿಸಿ, ಪಕ್ಕದಲ್ಲಿ 3 ವರ್ಷ 2 ತಿಂಗಳು ಅಂತ ಬರೆದರು.